ಹರಿಶ್ಚಂದ್ರನ ಎರಡು ಪಾಠಗಳು

ಹೋದ ವರ್ಷ ನನ್ನ ಪಿಎಚ್.ಡಿ. ಪ್ರಬಂಧದ ಮೂರನೆಯ ಅಧ್ಯಾಯವನ್ನು ಮಾರ್ಗದರ್ಶಕರಿಗೆ ಒಪ್ಪಿಸಿದ್ದೆ. ಹರಿಶ್ಚಂದ್ರನ ಕಥೆ ರಾಘವಾಂಕನ ಕಾವ್ಯದಿಂದ ಕಂಪನಿ ನಾಟಕಕ್ಕೆ, ಅಲ್ಲಿಂದ ಸಿನಿಮಾಕ್ಕೆ ಹೇಗೆ ಬಂತು ಎಂಬುದು ಆ ಅಧ್ಯಾಯದ ವಿಷಯ. ಅದರಲ್ಲಿ ಒಂದು ಪುಟ ನನಗೆ ಬಹಳ ಇಷ್ಟವಾಗಿತ್ತು. ‘ಸತ್ಯ ಹರಿಶ್ಚಂದ್ರ’ ಸಿನಿಮಾದಲ್ಲಿ ಚಂದ್ರಮತಿಯ ಸೀರೆಯ ಬಣ್ಣ ಅರಮನೆಯಿಂದ ಸುಡುಗಾಡಿನವರೆಗೆ ಹೇಗೆ ಮಾಸುತ್ತ ಹೋಗುತ್ತದೆ, ಆ ಮಾಸುವಿಕೆಯಲ್ಲೇ ನಿರ್ದೇಶಕರು ಕಥೆಯ ಕರುಣೆಯನ್ನು ಹೇಗೆ ಹಿಡಿದಿದ್ದಾರೆ ಎಂದು ಬರೆದಿದ್ದೆ. ಮಾರ್ಗದರ್ಶಕರು ಆ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಎರಡೇ ಪದ ಬರೆದು ವಾಪಸು ಕಳಿಸಿದರು: ‘ಯಾವ ಪ್ರತಿ?’

ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಾಚಿಕೆಯಾಯಿತು. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ ‘ಸತ್ಯ ಹರಿಶ್ಚಂದ್ರ’ ತೆರೆಕಂಡದ್ದು 1965ರಲ್ಲಿ, ಕಪ್ಪು-ಬಿಳುಪಿನಲ್ಲಿ. ಅದಕ್ಕೆ ಕಂಪ್ಯೂಟರಿನಲ್ಲಿ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದ್ದು 2008ರಲ್ಲಿ. ಹುಣಸೂರರು ತೀರಿಕೊಂಡದ್ದು 1989ರಲ್ಲಿ. ಅಂದರೆ ನಿರ್ದೇಶಕರು ಎಂದೂ ನೋಡದ ಒಂದು ಬಣ್ಣವನ್ನು ಹಿಡಿದುಕೊಂಡು ಅವರ ‘ದೃಷ್ಟಿ’ಯ ಬಗ್ಗೆ ನಾನು ಒಂದು ಪುಟ ಬರೆದಿದ್ದೆ. ನಾನು ಹೊಗಳಿದ ಸೀರೆಯ ಬಣ್ಣವನ್ನು ಆರಿಸಿದವರು 43 ವರ್ಷಗಳ ನಂತರ ಕಂಪ್ಯೂಟರ್ ಮುಂದೆ ಕೂತಿದ್ದ ಯಾರೋ ತಂತ್ರಜ್ಞರು.

ಇದನ್ನು ನನ್ನೊಬ್ಬಳ ಅಜಾಗರೂಕತೆ ಎಂದು ಬಿಟ್ಟುಬಿಡಬಹುದು. ಆದರೆ ಅದರ ಹಿಂದೆ ಒಂದು ದೊಡ್ಡ ವಿಷಯ ಇದೆ ಎಂದು ನನಗೆ ಅನ್ನಿಸುತ್ತಿದೆ. ಅದಕ್ಕೇ ಈ ಬರಹ.

ನಮ್ಮೂರು ಗಜೇಂದ್ರಗಡದ ಪಕ್ಕದ ರಾಜೂರ. ನಾನು ಹರಿಶ್ಚಂದ್ರನನ್ನು ಮೊದಲು ನೋಡಿದ್ದು ಶಾಲೆಗೆ ಹೋಗುವಾಗ, ನಮ್ಮ ಸೋದರಮಾವ ಗಜೇಂದ್ರಗಡದ ಬಜಾರದಿಂದ ತಂದಿದ್ದ ಸಿ.ಡಿ.ಯಲ್ಲಿ. ಅದು ಬಣ್ಣದ ಪ್ರತಿ. ಪಡಸಾಲೆಯಲ್ಲಿ ಅಜ್ಜಿಯ ತೊಡೆಗೆ ಒರಗಿ ನೋಡಿದ್ದು, ಲೋಹಿತಾಶ್ವನನ್ನು ಹಾವು ಕಚ್ಚಿದಾಗ ಅಜ್ಜಿ ನನ್ನ ಕಣ್ಣು ಮುಚ್ಚಿದ್ದು, ಎಲ್ಲ ನೆನಪಿದೆ. ನನ್ನ ಪಾಲಿಗೆ ಮೂಲ ಎಂದರೆ ಅದೇ. ಕಪ್ಪು-ಬಿಳುಪಿನ ಪ್ರತಿಯನ್ನು ಇಡಿಯಾಗಿ ನೋಡಿದ್ದು ಧಾರವಾಡಕ್ಕೆ ಬಂದು, ಮಾರ್ಗದರ್ಶಕರ ಆ ಎರಡು ಪದ ಓದಿದ ಮೇಲೆ.

ನೋಡಿದ ಮೇಲೆ ಸಿಟ್ಟು ಬಂತು. ರಾಜ್‌ಕುಮಾರ್ ಹರಿಶ್ಚಂದ್ರ, ಪಂಢರಿಬಾಯಿ ಚಂದ್ರಮತಿ, ಉದಯಕುಮಾರ್ ವಿಶ್ವಾಮಿತ್ರ. ಪಾತ್ರಗಳು ಅವೇ, ಮಾತು ಅದೇ, ಪೆಂಡ್ಯಾಲ ನಾಗೇಶ್ವರರಾಯರ ಸಂಗೀತವೂ ಅದೇ. ಆದರೆ ಸುಡುಗಾಡು ಬೇರೆ. ಕಪ್ಪು-ಬಿಳುಪಿನಲ್ಲಿ ಸುಡುಗಾಡಿನ ರಾತ್ರಿ ಎಂದರೆ ಚಿತೆಯ ಬೆಳಕು ಬಿದ್ದಷ್ಟು ಮುಖ, ಬೀಳದಷ್ಟು ಕತ್ತಲೆ. ಹರಿಶ್ಚಂದ್ರನಿಗೆ ತನ್ನ ಹೆಂಡತಿಯ ಗುರುತು ಹತ್ತದೆ ಇರುವುದು ಅಲ್ಲಿ ನಂಬುವ ಹಾಗಿದೆ, ನೋಡುವ ನಮಗೂ ಅಷ್ಟೇ ಕಾಣುತ್ತದಲ್ಲ! ಬಣ್ಣ ಹಾಕುವವರಿಗೆ ಈ ಸ್ವಾತಂತ್ರ್ಯವಿಲ್ಲ. ತೆರೆಯ ಮೇಲಿನ ಪ್ರತಿಯೊಂದು ಬೂದುಬಣ್ಣದ ಜಾಗಕ್ಕೂ ಅವರು ಏನಾದರೊಂದು ಬಣ್ಣ ಹೇಳಲೇಬೇಕು. ಕತ್ತಲೆಗೂ ಒಂದು ಬಣ್ಣ ಬರುತ್ತದೆ. ನನ್ನ ಕಣ್ಣಿಗೆ ಬಣ್ಣದ ಪ್ರತಿಯಲ್ಲಿ ಅರಮನೆ ಗೆದ್ದಿದೆ, ಸುಡುಗಾಡು ಸೋತಿದೆ. ಈ ಕಥೆಯ ತೂಕ ಇರುವುದು ಸುಡುಗಾಡಿನಲ್ಲಿ.

ಆಗ ಬಣ್ಣ ಇರಲಿಲ್ಲವೇ ಎಂದರೆ, ಇತ್ತು. ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ 1964ರಲ್ಲೇ ಪೂರ್ತಿ ಬಣ್ಣದಲ್ಲಿ ಬಂದಿತ್ತು. ಬಣ್ಣದ ಫಿಲ್ಮಿಗೆ ದುಡ್ಡು ಹೆಚ್ಚು. ಕಪ್ಪು-ಬಿಳುಪು ದುಡ್ಡಿನ ಲೆಕ್ಕದ ಆಯ್ಕೆ ಎಂದೇ ಇಟ್ಟುಕೊಳ್ಳೋಣ. ಆದರೂ ಒಮ್ಮೆ ಆಯ್ದುಕೊಂಡ ಮೇಲೆ ದೀಪ ಇಟ್ಟದ್ದು, ಬಟ್ಟೆ ಹೊಲಿಸಿದ್ದು, ಸೆಟ್ಟಿಗೆ ಸುಣ್ಣ-ಬಣ್ಣ ಹೊಡೆಸಿದ್ದು ಎಲ್ಲವೂ ಆ ಫಿಲ್ಮಿನಲ್ಲಿ ಹೇಗೆ ಕಾಣುತ್ತದೆ ಎಂಬ ಲೆಕ್ಕದಲ್ಲಿಯೇ. ತ್ರಿಪದಿಯಲ್ಲಿ ಬರೆದದ್ದನ್ನು ಷಟ್ಪದಿಗೆ ಎಳೆದರೆ ಸಾಲು ಹೆಚ್ಚಾಗುತ್ತದೆ, ಪದ್ಯ ದೊಡ್ಡದಾಗುವುದಿಲ್ಲ.

ಈ ಸಿಟ್ಟನ್ನೆಲ್ಲ ಕಟ್ಟಿಕೊಂಡು ದೀಪಾವಳಿಗೆ ಊರಿಗೆ ಹೋದೆ. ಅಜ್ಜಿಯ ಮುಂದೆ ಲ್ಯಾಪ್‌ಟಾಪಿನಲ್ಲಿ ಎರಡೂ ಪ್ರತಿಯ ಸುಡುಗಾಡಿನ ದೃಶ್ಯ ತೋರಿಸಿ, ಹೆಂಗ ಕೆಡಿಸ್ಯಾರ ನೋಡು ಎಂದೆ. ಅಜ್ಜಿ ಎರಡನ್ನೂ ಸಮಾಧಾನದಿಂದ ನೋಡಿದಳು.

“ಅಲ್ಲವಾ, ನಾಟಕದಾಗ ಹರಿಶ್ಚಂದ್ರ ಏನ ಕರಿ-ಬಿಳಿ ಇರ್ತಿದ್ನೇನು? ಕೆಂಪ ಮಕಮಲ್ಲಿನ ಅಂಗಿ, ಜರದ ಪೇಟಾ, ಕಣ್ಣ ಕುಕ್ಕತಿತ್ತು. ಸಿನೆಮಾದವ್ರ ಅವನ ಬಣ್ಣ ತಗದಿದ್ರು. ಈಗ ಹಾಕ್ಯಾರ, ಅಷ್ಟ.”

ನನಗೆ ಉತ್ತರ ಹೊಳೆಯಲಿಲ್ಲ. ಗರುಡ ಸದಾಶಿವರಾಯರು ದತ್ತಾತ್ರೇಯ ನಾಟಕ ಮಂಡಳಿ ಕಟ್ಟಿದ ಗದಗಿನ ಸೀಮೆ ಇದು. ಪಂಚಾಕ್ಷರಿ ಗವಾಯಿಗಳೂ ಇಲ್ಲಿಂದಲೇ ನಾಟಕ ಕಂಪನಿ ನಡೆಸಿದವರು. ಇಲ್ಲಿನವರಿಗೆ ಹರಿಶ್ಚಂದ್ರ ಸಿನಿಮಾಕ್ಕೆ ಮೊದಲೇ ಬಣ್ಣದಲ್ಲಿದ್ದ. ನಾನು ಯಾವುದನ್ನು ಮೂಲ ಎನ್ನುತ್ತಿದ್ದೇನೋ ಅದು ಅಜ್ಜಿಗೆ ಬಣ್ಣ ಕಳೆದುಕೊಂಡ ನಕಲು.

ಅಷ್ಟಕ್ಕೇ ಬಿಡಲಿಲ್ಲ. “ನೀ ಅನ್ನೂ ಹಳೇದನ್ನ ನಾ ನೋಡೇನಿ. ಜಾತ್ರಿಗೆ ತಂಬು ಹಾಕಿದ್ರು. ಆದ್ರ ಹುಡುಗಗ ಹಾವ ಕಚ್ಚಿದ್ದ ಬರಲೇ ಇಲ್ಲ. ರೀಲ ಹರದಿತ್ತಂತ. ಹುಡುಗ ಹೂವ ತರಾಕ ಹೋದ, ಆಮ್ಯಾಲ ಒಮ್ಮೆಲೆ ಸುಡುಗಾಡ ಬಂತು. ಮಂದಿಗೆಲ್ಲಾ ಕಥಿ ಗೊತ್ತಿತ್ತು, ಅತ್ತರು. ಕಚ್ಚಿದ್ದ ನೋಡಿದ್ದ ನಿಮ್ಮ ಮಾವ ತಂದ ಸೀಡ್ಯಾಗನ.”

ಊರೂರು ತಿರುಗಿ ಕೊನೆಗೆ ಹಳ್ಳಿಯ ಟೂರಿಂಗ್ ಟಾಕೀಸಿಗೆ ಬರುವ ಹೊತ್ತಿಗೆ ಪ್ರಿಂಟು ಎಷ್ಟೋ ಕಡೆ ಹರಿದು, ಅಂಟಿಸಿ, ಮತ್ತೆ ಹರಿದಿರುತ್ತಿತ್ತು. ಹಾಗಾದರೆ ನಾವು ಕಾಪಾಡಬೇಕು ಎನ್ನುವ ‘ಮೂಲ’ ಯಾವುದು? ನೆಗೆಟಿವ್‌ನಲ್ಲಿ ಇರುವುದೋ, ಮೊದಲ ದಿನ ಬೆಂಗಳೂರಿನಲ್ಲಿ ಓಡಿದ್ದೋ, ಹಾವಿಲ್ಲದೆ ರಾಜೂರಿನಲ್ಲಿ ಜನರನ್ನು ಅಳಿಸಿದ್ದೋ?

ಕನ್ನಡ ಎಂ.ಎ. ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ. ಗ್ರಂಥಸಂಪಾದನೆಯ ಪತ್ರಿಕೆಯಲ್ಲಿ ನಾವೆಲ್ಲ ಇದನ್ನೇ ಓದಿದ್ದೇವೆ. ಡಿ.ಎಲ್. ನರಸಿಂಹಾಚಾರ್ಯರು, ಎಂ.ಎಂ. ಕಲಬುರ್ಗಿಯವರು ಈ ಶಾಸ್ತ್ರದ ಬಗ್ಗೆ ಬರೆದ ಪುಸ್ತಕಗಳು ಈಗಲೂ ಪಠ್ಯದಲ್ಲಿವೆ. ಕವಿ ಬರೆದ ಓಲೆ ಸಿಗುವುದಿಲ್ಲ, ಸಿಗುವುದು ಪ್ರತಿಗಳು. ಲಿಪಿಕಾರ ತಪ್ಪು ಮಾಡಿರುತ್ತಾನೆ, ಜಾಣ ಲಿಪಿಕಾರ ತಿದ್ದಿರುತ್ತಾನೆ, ಭಕ್ತ ಲಿಪಿಕಾರ ಸೇರಿಸಿರುತ್ತಾನೆ. ಸಂಪಾದಕನು ಪ್ರತಿಗಳನ್ನು ಹೋಲಿಸಿ ಒಂದು ಪಾಠವನ್ನು ಮೇಲೆ ಇಡುತ್ತಾನೆ, ಉಳಿದವನ್ನು ಅಡಿಯಲ್ಲಿ ಪಾಠಾಂತರವಾಗಿ ಕೊಡುತ್ತಾನೆ. ತನಗೆ ಒಪ್ಪಿಗೆಯಾಗದ ಪಾಠವನ್ನು ಎಸೆಯುವ ಹಕ್ಕು ಅವನಿಗಿಲ್ಲ. ನಾಳೆ ಬರುವ ಓದುಗ ‘ನಿನ್ನ ಆಯ್ಕೆ ತಪ್ಪು’ ಎನ್ನಲು ಬೇಕಾದ ಸಾಮಗ್ರಿಯನ್ನು ಅದೇ ಪುಟದಲ್ಲಿ ಬಿಟ್ಟುಹೋಗುವುದು ಸಂಪಾದಕನ ಪ್ರಾಮಾಣಿಕತೆ.

ನಮ್ಮಲ್ಲಿ ಪರಿಷ್ಕರಣೆಗೆ ಮಡಿವಂತಿಕೆಯೂ ಇರಲಿಲ್ಲ. ಶೂನ್ಯಸಂಪಾದನೆಯನ್ನೇ ನೋಡಿ. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಮಾಡಿದ. ಹಲಗೆಯಾರ್ಯ ಅದನ್ನು ತಿದ್ದಿದ. ಆಮೇಲೆ ಗುಮ್ಮಳಾಪುರದ ಸಿದ್ಧಲಿಂಗಯತಿ, ಕೊನೆಗೆ ಗೂಳೂರ ಸಿದ್ಧವೀರಣ್ಣೊಡೆಯ. ಮೊದಲ ಸಂಪಾದನೆಯಲ್ಲಿ ಇಲ್ಲದ ಸಿದ್ಧರಾಮನ ಲಿಂಗದೀಕ್ಷೆಯ ಪ್ರಸಂಗ ಮುಂದಿನವರಲ್ಲಿ ಸೇರಿಕೊಂಡಿತು. ಇದು ಸಣ್ಣ ಬದಲಾವಣೆಯಲ್ಲ, ಧರ್ಮದ ತಿರುಳಿಗೆ ಸಂಬಂಧಿಸಿದ ವಾದ. ಆದರೆ ನಾಲ್ಕೂ ಉಳಿದಿವೆ. ಉಳಿದಿರುವುದರಿಂದಲೇ ದೀಕ್ಷೆಯ ಪ್ರಸಂಗ ನಂತರ ಸೇರಿದ್ದು ಎಂದು ನಮಗೆ ಗೊತ್ತು, ಯಾಕೆ ಸೇರಿತು ಎಂದು ಚರ್ಚೆ ಮಾಡಬಲ್ಲೆವು. ಮೊದಲನೆಯದನ್ನು ಯಾರಾದರೂ ಹೊಳೆಗೆ ಹಾಕಿದ್ದರೆ, ಅದು ಆದಿಯಿಂದಲೂ ಹಾಗೇ ಇತ್ತು ಎಂದು ನಾವು ನಂಬುತ್ತಿದ್ದೆವು. ಸೀರೆಯ ಬಣ್ಣವನ್ನು ನಾನು ನಂಬಿದ ಹಾಗೆ.

ನನ್ನ ವಿಷಯದಲ್ಲೇ ಇನ್ನೊಂದು ಉದಾಹರಣೆ. ರಾಘವಾಂಕನ ಕಾವ್ಯವನ್ನು ಟಿ.ಎಸ್. ವೆಂಕಣ್ಣಯ್ಯ ಮತ್ತು ಎ.ಆರ್. ಕೃಷ್ಣಶಾಸ್ತ್ರಿ ಅವರು ‘ಹರಿಶ್ಚಂದ್ರಕಾವ್ಯ ಸಂಗ್ರಹ’ವಾಗಿ ಇಳಿಸಿಕೊಟ್ಟರು. ಎಷ್ಟೋ ವಿದ್ಯಾರ್ಥಿಗಳು ರಾಘವಾಂಕನನ್ನು ಓದಿದ್ದು ಅದರಲ್ಲಿಯೇ. ಹೆಸರಿನಲ್ಲೇ ‘ಸಂಗ್ರಹ’ ಎಂದಿದೆ, ಪೂರ್ತಿ ಕಾವ್ಯ ಗ್ರಂಥಾಲಯದಲ್ಲಿ ಬೇರೆಯಾಗಿ ಸಿಗುತ್ತದೆ. ಹಾಗಾಗಿ ಯಾರಿಗೂ ಮೋಸವಾಗಿಲ್ಲ. ಸಿನಿಮಾಕ್ಕೆ ನಾನು ಕೇಳುವುದೂ ಇಷ್ಟೇ.

ಬದಲಾಯಿಸಿದವರು ನಿರ್ದೇಶಕರೇ ಆಗಿದ್ದರೆ? ಆಗಲೂ ನನ್ನ ಮಾತು ಬದಲಾಗುವುದಿಲ್ಲ ಎಂದು ತಿಳಿದದ್ದು ಜಾರ್ಜ್ ಲೂಕಾಸ್ ಅವರ ಕಥೆ ಓದಿ. ಅಮೆರಿಕದಲ್ಲಿ ಹಳೆಯ ಕಪ್ಪು-ಬಿಳುಪು ಚಿತ್ರಗಳಿಗೆ ಬಣ್ಣ ಹಾಕುವ ವ್ಯಾಪಾರ ಶುರುವಾದಾಗ, 1988ರಲ್ಲಿ ಅಲ್ಲಿನ ಸಂಸತ್ತಿನ ಮುಂದೆ ಹೋಗಿ ಅದನ್ನು ವಿರೋಧಿಸಿ ಸಾಕ್ಷ್ಯ ನುಡಿದವರು ಅವರು. ಲಾಭಕ್ಕಾಗಿ ಕಲಾಕೃತಿಗಳನ್ನು ತಿದ್ದುವವರನ್ನು ಅನಾಗರಿಕರು ಎಂದಿದ್ದರು. ಅದೇ ಲೂಕಾಸ್ 1997ರಲ್ಲಿ ತಮ್ಮ ‘ಸ್ಟಾರ್ ವಾರ್ಸ್’ ಚಿತ್ರಗಳಿಗೆ ಹೊಸ ದೃಶ್ಯ, ಹೊಸ ಕಂಪ್ಯೂಟರ್ ಚಿತ್ರ ಸೇರಿಸಿ ಬಿಡುಗಡೆ ಮಾಡಿದರು. ಆಮೇಲೂ ತಿದ್ದುತ್ತ ಹೋದರು. 1977ರಲ್ಲಿ ಜನ ನೋಡಿದ ರೂಪವನ್ನು ಒಳ್ಳೆಯ ಗುಣಮಟ್ಟದಲ್ಲಿ ನೋಡುವುದೇ ದಶಕಗಳ ಕಾಲ ಕಷ್ಟವಾಯಿತು. ತಮ್ಮ ಮನಸ್ಸಿನಲ್ಲಿದ್ದ ಸಿನಿಮಾ ಈಗ ಪೂರ್ತಿಯಾಯಿತು ಎಂಬುದು ಅವರ ವಾದ. ಇರಲಿ. ಕವಿ ತನ್ನ ಎರಡನೆಯ ಮುದ್ರಣದಲ್ಲಿ ಪದ್ಯ ತಿದ್ದಬಹುದು. ಮೊದಲ ಮುದ್ರಣ ಕೊಂಡವರ ಮನೆಗೆ ಹೋಗಿ ಪುಸ್ತಕ ಕಿತ್ತುಕೊಂಡು ಬರುವಂತಿಲ್ಲ. ರಿಡ್ಲಿ ಸ್ಕಾಟ್ ಅವರ ‘ಬ್ಲೇಡ್ ರನ್ನರ್’ 1982ರಲ್ಲಿ ಬಂತು, 1992ರಲ್ಲಿ ಬದಲಾಯಿತು, 2007ರಲ್ಲಿ ಮತ್ತೆ ಬದಲಾಯಿತು. ಆದರೆ 2007ರಲ್ಲಿ ಅದರ ಐದು ಪಾಠಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರಿದರು. ನಮ್ಮ ಶೂನ್ಯಸಂಪಾದನೆಯಂತೆ ಅಲ್ಲೂ ಜಗಳಕ್ಕೆ ಬೇಕಾದ ಎಲ್ಲ ಪ್ರತಿಗಳೂ ಉಳಿದಿವೆ.

ಲೂಕಾಸ್ ಕಥೆಗೆ ಕನ್ನಡದ ಒಂದು ಕೊಂಡಿಯಿದೆ. ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) ಮರುಜೀವ ಪಡೆದು 2024ರ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಆ ಕೆಲಸ ಮಾಡಿದ್ದು ಮಾರ್ಟಿನ್ ಸ್ಕಾರ್ಸೇಸಿ ಅವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಇಟಲಿಯ ಬೊಲೊನ್ಯಾದ ಪ್ರಯೋಗಾಲಯದಲ್ಲಿ, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಸಹಕಾರದಿಂದ. ಹಣ ಕೊಟ್ಟದ್ದು ಲೂಕಾಸ್ ಮತ್ತು ಅವರ ಪತ್ನಿ ಮೆಲಡಿ ಹಾಬ್ಸನ್ ಅವರ ಕುಟುಂಬದ ಪ್ರತಿಷ್ಠಾನ. ತನ್ನ ಸಿನಿಮಾದ ಹಳೆಯ ರೂಪವನ್ನು ಮರೆಗೆ ಸರಿಸಿದವರ ಮನೆಯ ದುಡ್ಡಿನಿಂದ ನಮ್ಮ ಒಂದು ಸಿನಿಮಾದ ಹಳೆಯ ರೂಪ ಉಳಿಯಿತು!

‘ಘಟಶ್ರಾದ್ಧ’ದಲ್ಲಿ ನಡೆದದ್ದು ಬಣ್ಣ ಹಾಕುವುದಕ್ಕೆ ಸರಿಯಾಗಿ ವಿರುದ್ಧವಾದ ಕೆಲಸ. ನಿರ್ದೇಶಕರು ನಮ್ಮ ನಡುವೆ ಇದ್ದಾರೆ, ಈ ಕೆಲಸದಲ್ಲಿ ಜೊತೆಗಿದ್ದರು. ಆದರೂ ಕಪ್ಪು-ಬಿಳುಪು ಕಪ್ಪು-ಬಿಳುಪಾಗಿಯೇ ಇದೆ. ಹೋದದ್ದು ಧೂಳು, ಗೀರು, ಕಾಲ ಬಳಿದ ಮಸಿ. ಎಸ್. ರಾಮಚಂದ್ರ ಅವರ ಕ್ಯಾಮೆರಾ ಹಿಡಿದ ಅಗ್ರಹಾರದ ಕತ್ತಲೆ ಹಾಗೇ ಇದೆ. ಯಮುನಕ್ಕನ ಗುಟ್ಟನ್ನು ಅರ್ಧ ತಿಳಿದು ಅರ್ಧ ತಿಳಿಯದೆ ನೋಡುವ ಹುಡುಗ ನಾಣಿಯ ಕಣ್ಣು ಅದು. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತ ಯಮುನೆಯನ್ನು ಬಣ್ಣದಲ್ಲಿ ಕಲ್ಪಿಸಿಕೊಳ್ಳಿ. ಮರ ಹಸಿರಾಗುತ್ತದೆ. ಕಣ್ಣು ಮೊದಲು ಮರದ ಕಡೆಗೆ ಹೋಗುತ್ತದೆ.

ಹಾಗಾದರೆ ಬಣ್ಣ ಹಾಕಿದವರು ಅಪರಾಧಿಗಳೇ? ಹಾಗೆ ಹೇಳಲು ಅಜ್ಜಿ ನನ್ನನ್ನು ಬಿಡುತ್ತಿಲ್ಲ. 2008ರಲ್ಲಿ ಬಣ್ಣದ ಹರಿಶ್ಚಂದ್ರ ಬಂದಾಗ ಜನ ಚಿತ್ರಮಂದಿರಕ್ಕೆ ಹೋಗಿ ನೋಡಿದರು. 2014ರಲ್ಲಿ ‘ಕಸ್ತೂರಿ ನಿವಾಸ’ಕ್ಕೂ ಬಣ್ಣ ಬಂತು, ಅದಕ್ಕೂ ಜನ ಬಂದರು. ಆ ಸಿ.ಡಿ. ಇಲ್ಲದಿದ್ದರೆ ನಾನು ಹರಿಶ್ಚಂದ್ರನ ಮೇಲೆ ಅಧ್ಯಾಯ ಬರೆಯುತ್ತಲೂ ಇರಲಿಲ್ಲವೇನೋ. ‘ಮುಘಲ್-ಎ-ಆಜಮ್’ಗೆ 2004ರಲ್ಲಿ ಬಣ್ಣ ಬಂದಾಗ ಒಂದು ಸಮರ್ಥನೆಯಾದರೂ ಇತ್ತು: ಕೆ. ಆಸಿಫ್ 1960ರಲ್ಲಿಯೇ ಅದರ ಕೆಲವು ಭಾಗವನ್ನು ಬಣ್ಣದಲ್ಲಿ ತೆಗೆದಿದ್ದರು. ನಮ್ಮ ಎರಡು ಚಿತ್ರಗಳಿಗೆ ಆ ಸಮರ್ಥನೆ ಇಲ್ಲ, ಅಭಿಮಾನ ಇದೆ. ಅಭಿಮಾನವನ್ನು ನಾನು ಹೀಗಳೆಯುವುದಿಲ್ಲ. ಬಣ್ಣದ ಪ್ರತಿ ಇರಲಿ, ಅದೂ ಒಂದು ಪಾಠಾಂತರ. ಆದರೆ ಪಾಠಾಂತರವು ಮೂಲಪಾಠದ ಜಾಗದಲ್ಲಿ, ಅದರದೇ ಹೆಸರಿನಲ್ಲಿ ಕೂತಾಗ ತೊಂದರೆ ಶುರುವಾಗುತ್ತದೆ.

ಇಲ್ಲಿ ನಮ್ಮ ಪರಿಸ್ಥಿತಿ ಹಾಲಿವುಡ್‌ಗಿಂತ ಬೇರೆ. ಅಲ್ಲಿನ ಜಗಳ ನಿರ್ದೇಶಕ ಮತ್ತು ಅಭಿಮಾನಿಗಳ ನಡುವೆ. ನಮ್ಮಲ್ಲಿ ನಿರ್ದೇಶಕರು ಜಗಳದಲ್ಲೇ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ‘ಕರ್ತೃ’ ನಿರ್ಮಾಪಕರು. ‘ಕಸ್ತೂರಿ ನಿವಾಸ’ದ ದೊರೈ–ಭಗವಾನ್ ಜೋಡಿಯಲ್ಲಿ ದೊರೈರಾಜ್ 2014ಕ್ಕೆ ಮೊದಲೇ ತೀರಿಕೊಂಡಿದ್ದರು, ಭಗವಾನ್ ಇದ್ದರು. ಇದ್ದರೂ ಇಲ್ಲದಿದ್ದರೂ ಕಾಗದದ ಮೇಲೆ ಹಕ್ಕು ಬೇರೆಯವರದು. ಆ ಹಕ್ಕಿಗೆ 60 ವರ್ಷದ ಅವಧಿ. 1965ರಲ್ಲಿ ತೆರೆಕಂಡ ಚಿತ್ರದ ಅವಧಿ 2025ರ ಡಿಸೆಂಬರಿಗೆ ಮುಗಿಯುತ್ತದೆ. ಹಾಡು ಮತ್ತು ಸಾಹಿತ್ಯದ ಹಕ್ಕಿನ ಲೆಕ್ಕ ಬೇರೆ. ಆದರೆ ಕಪ್ಪು-ಬಿಳುಪಿನ ಚಿತ್ರವಾಗಿ ‘ಸತ್ಯ ಹರಿಶ್ಚಂದ್ರ’ ನಮ್ಮೆಲ್ಲರ ಸ್ವತ್ತಾಗುವ ಕಾಲವಿದು.

ಸ್ವತ್ತು ಎಂದರೆ ಕಾಗದವಲ್ಲ, ವಸ್ತು. ಹೊಲ ನಮ್ಮ ಹೆಸರಿಗೆ ಬಂದು, ಹೊಲದ ಮಣ್ಣು ಹಳ್ಳಕ್ಕೆ ಕೊಚ್ಚಿಹೋಗಿದ್ದರೆ ಉತಾರ ಇಟ್ಟುಕೊಂಡು ಏನು ಮಾಡುವುದು? ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಬಂತು. ಅದರ ಹಕ್ಕು ಎಂದೋ ಎಲ್ಲರಿಗೂ ಸೇರಿದೆ, ಪ್ರತಿ ಮಾತ್ರ ಯಾರಲ್ಲೂ ಇಲ್ಲ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರ ಆ ಅಭಿನಯದ ಬಗ್ಗೆ ಪಿಎಚ್.ಡಿ. ಮಾಡುವವರು ಇಂದು ಹಳೆಯ ಪತ್ರಿಕೆ, ನೆನಪು, ಸ್ಥಿರಚಿತ್ರಗಳನ್ನು ನಂಬಬೇಕು. ಪುಣೆಯ ಸಂಗ್ರಹಾಲಯ ಹುಟ್ಟಿದ್ದು 1964ರಲ್ಲಿ. ಅಷ್ಟರೊಳಗೆ ಕಳೆದುಹೋದದ್ದಕ್ಕೆ ಯಾರನ್ನೂ ಬೈದು ಉಪಯೋಗವಿಲ್ಲ. ಆದರೆ ಈಗ ಕಳೆದರೆ ಬೈಸಿಕೊಳ್ಳಬೇಕಾದವರು ನಾವು.

ಹಾಗಾಗಿ ನಾನು ಕೇಳುವುದು ಮೂರೇ. ಒಂದು, ಹಳೆಯ ಚಿತ್ರಕ್ಕೆ ಬಣ್ಣ ಹಾಕಲಿ, ಶಬ್ದ ಹೊಸದು ಮಾಡಲಿ, ಆದರೆ ಏನು ಮಾಡಿದ್ದೇವೆ, ಯಾವ ವರ್ಷ ಮಾಡಿದ್ದೇವೆ ಎಂದು ಚಿತ್ರದ ಆರಂಭದಲ್ಲೇ ಬರೆಯಲಿ. ಎರಡು, ಹೊಸ ರೂಪ ಎಲ್ಲಿ ಸಿಗುತ್ತದೋ ಅಲ್ಲೇ ಹಳೆಯ ರೂಪವೂ, ಅಷ್ಟೇ ಒಳ್ಳೆಯ ಗುಣಮಟ್ಟದಲ್ಲಿ, ಸಿಗಲಿ. ಮೂರನೆಯದು ನಮಗೆ ನಾವೇ ಹೇಳಿಕೊಳ್ಳಬೇಕಾದ್ದು. ಸಿನಿಮಾ ವಿಮರ್ಶೆ ಬರೆಯುವವರು ಯಾವ ಪ್ರತಿ ನೋಡಿದೆವು ಎಂದು ಹೇಳಲಿ. ಪಂಪನ ಒಂದು ಪದ್ಯ ಎತ್ತಿಕೊಂಡರೆ ಯಾರ ಸಂಪಾದನೆ, ಯಾವ ಮುದ್ರಣ, ಎಷ್ಟನೆಯ ಪುಟ ಎಂದು ಬರೆಯುತ್ತೇವೆ. ಸಿನಿಮಾದ ದೃಶ್ಯವಾದರೆ ಮೊಬೈಲಿನಲ್ಲಿ ಮೊದಲು ಕಂಡದ್ದನ್ನೇ ಮೂಲವೆಂದು ನಂಬುತ್ತೇವೆ.

ನನ್ನ ಅಧ್ಯಾಯದಿಂದ ಸೀರೆಯ ಪುಟವನ್ನು ತೆಗೆದುಹಾಕಿದೆ. ಅದರ ಜಾಗದಲ್ಲಿ ಸುಡುಗಾಡಿನ ಕತ್ತಲೆಯ ಬಗ್ಗೆ ಬರೆದಿದ್ದೇನೆ. ಅಧ್ಯಾಯದ ಕೊನೆಗೆ ‘ನೋಡಿದ ಪ್ರತಿಗಳು’ ಎಂದು ಒಂದು ಪಟ್ಟಿ ಸೇರಿಸಿದೆ. ಮೊದಲನೆಯದು, 1965ರ ಕಪ್ಪು-ಬಿಳುಪು. ಎರಡನೆಯದು, 2008ರ ಬಣ್ಣ. ಮೂರನೆಯದು, ರಾಜೂರ ಜಾತ್ರೆಯ ತಂಬಿನ ಪ್ರತಿ: ಹಾವು ಕಚ್ಚುವ ದೃಶ್ಯ ಇಲ್ಲ, ಆಧಾರ ನನ್ನ ಅಜ್ಜಿಯ ನೆನಪು.

ಮೂರನೆಯದನ್ನು ಮಾರ್ಗದರ್ಶಕರು ಹೊಡೆದುಹಾಕಬಹುದು. ಅಧ್ಯಾಯ ಇನ್ನೂ ಅವರ ಮೇಜಿನ ಮೇಲಿದೆ.